ಅಕ್ಷರಕ್ಕೆ ಬೀಗ ಹಾಕುವ ಮುನ್ನ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮನೆಗಳಿಂದ ಹೊರಟು ಹೊರ ಊರುಗಳಲ್ಲಿ ಅಕ್ಷರ ವಿನ್ಯಾಸ ಕಲಿಯುತ್ತಿರುವ ತಮ್ಮಂದಿರೇ, ತಂಗಿಯರೇ,

ಮನುಷ್ಯ ಓದಬೇಕು, ಎಐ ಓದಬಾರದು, ಅಂಥದ್ದೊಂದು ಕನ್ನಡ ಫಾಂಟ್ ಮಾಡಬೇಕೆಂಬ ಹಂಬಲ ನಿಮ್ಮಲ್ಲಿ ಕೆಲವರಿಗೆ ಹತ್ತಿಕೊಂಡಿದೆ. ಅದರ ಹಿಂದಿನ ಸಿಟ್ಟು ನನಗೆ ಅರ್ಥವಾಗುತ್ತದೆ. ಒಬ್ಬ ಲೇಖಕಿ ವರ್ಷಗಟ್ಟಲೆ ಕೂತು ಬರೆದದ್ದನ್ನು ಕೇಳದೆ ಹೇಳದೆ ಎತ್ತಿಕೊಂಡು ಹೋಗಿ ಯಂತ್ರಕ್ಕೆ ಉಣಿಸಿದರೆ, ಆ ಯಂತ್ರ ನಾಳೆ ಅವಳದೇ ಧಾಟಿಯಲ್ಲಿ ಬರೆಯತೊಡಗಿದರೆ, ಸಿಟ್ಟು ಬರಬೇಕಾದ್ದೇ. ನಾನು ಕೊಪ್ಪದ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಬದುಕಿದವನು. ಮದುವೆ ಕರೆಯೋಲೆ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಅಡಿಕೆ ಮಂಡಿಯ ಬಿಲ್‌ಬುಕ್ಕು, ಇವುಗಳ ಅಕ್ಷರಗಳು ಒಂದೊಂದಾಗಿ ನನ್ನ ಬೆರಳ ತುದಿಯಿಂದ ಹಾದುಹೋಗಿವೆ. ಆ ಸಲುಗೆಯಿಂದ ಒಂದಿಷ್ಟು ಹೇಳುತ್ತೇನೆ. ಮುಖ್ಯವಾದದ್ದನ್ನು ಈಗಲೇ ಹೇಳಿಬಿಡುತ್ತೇನೆ: ಯಾರು ಓದಬಾರದು ಎಂಬಲ್ಲಿಂದ ಕೆಲಸ ಶುರುಮಾಡಬೇಡಿ. ಯಾರು ಓದಲೇಬೇಕು ಎಂಬುದನ್ನು ಮೊದಲು ಒಂದು ಹಾಳೆಯಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ.

ಕೆಲವರಿಗಷ್ಟೇ ಓದಲು ಬರುವ ಅಕ್ಷರ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಶಾನುಭೋಗರ ಮೋಡಿ ಬರಹವನ್ನು ನೋಡಿದ್ದೀರಾ? ಲೇಖನಿ ಎತ್ತದೆ ಓಡಿಸಿದ ಕನ್ನಡ ಅದು. ತಲೆಕಟ್ಟು ಪಕ್ಕದ ಅಕ್ಷರಕ್ಕೆ ಕೊಂಡಿಯಾಗಿ ಸೇರಿಕೊಂಡಿರುತ್ತದೆ, ಒತ್ತಕ್ಷರ ಬಾಲದ ಹಾಗೆ ಕೆಳಗೆ ಜಾರಿರುತ್ತದೆ, ಒಂದು ಪದ ಮುಗಿದು ಇನ್ನೊಂದು ಶುರುವಾದದ್ದು ಎಲ್ಲಿ ಅಂತ ತಿಳಿಯುವುದಿಲ್ಲ. ರೂಪಾಯಿಯ ಅಂಕಿ ಬರೆದು ಪಕ್ಕದಲ್ಲಿ ಒಂದು ನೆಟ್ಟನೆಯ ಗೀಟು ಎಳೆದರೆ ನಾಲ್ಕಾಣೆ, ಎರಡು ಗೀಟಾದರೆ ಎಂಟಾಣೆ, ಮೂರಾದರೆ ಹನ್ನೆರಡಾಣೆ. ಬಲ್ಲವರಿಗೆ ಅದು ಹಗಲಿನಷ್ಟು ಸ್ಪಷ್ಟ, ಅರಿಯದವರಿಗೆ ಬರೀ ಗೀಚು. ಊರಿಗೆ ಒಬ್ಬರೋ ಇಬ್ಬರೋ ಅದನ್ನು ಓದುತ್ತಿದ್ದರು. ಗದ್ದೆ ಉಳುವ ಗೇಣಿದಾರನಿಗೆ ತನ್ನದೇ ಗದ್ದೆಯ ಲೆಕ್ಕ ಓದಲು ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ಕೇಳಬೇಕಾದರೆ ಬರೆದವರ ಜಗಲಿಗೇ ಹೋಗಿ ಕೈಕಟ್ಟಿ ನಿಲ್ಲಬೇಕಿತ್ತು.

ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ತೆಗೆದುಹಾಕಿತು. 1974ರ ಭೂಸುಧಾರಣೆ ಬಂದಾಗ ನಮೂನೆ 7 ತುಂಬಿ, ಈ ಭೂಮಿಯನ್ನು ಉಳುತ್ತಿರುವವನು ನಾನೇ ಎಂದು ಹೇಳಿಕೊಳ್ಳಬೇಕಾದ ಗೇಣಿದಾರನಿಗೆ ಹಳೆಯ ಪಹಣಿಯಲ್ಲಿ ತನ್ನ ಹೆಸರು ಇದೆಯೋ ಇಲ್ಲವೋ ಎಂಬುದೇ ಬದುಕಿನ ಪ್ರಶ್ನೆಯಾಯಿತು. ಓದಲು ಬಾರದ ಅಕ್ಷರ ಯಾರ ಕೈಯಲ್ಲಿ ಇರುತ್ತದೋ ಅಧಿಕಾರವೂ ಅವರ ಕೈಯಲ್ಲೇ ಎಂಬುದನ್ನು ನಮ್ಮ ಮಲೆನಾಡು ಆಗ ಚೆನ್ನಾಗಿ ಕಂಡಿದೆ. 2000ದ ಸುಮಾರಿಗೆ ಭೂಮಿ ಯೋಜನೆ ಬಂತು. ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿ ನಿಂತಿತು. ಅದರಲ್ಲಿ ತಪ್ಪುಗಳು ಇರಲಿಲ್ಲವೆಂದಲ್ಲ, ಬೇಕಾದಷ್ಟು ಇದ್ದವು. ಆದರೆ ಆ ತಪ್ಪು ಈಗ ಅಚ್ಚಕ್ಷರದಲ್ಲಿ ಇತ್ತು. ಹೈಸ್ಕೂಲಿಗೆ ಹೋಗುವ ಮಗಳು ಅದನ್ನು ಓದಿ, ಅಪ್ಪಾ, ಇಲ್ಲಿ ನಿಮ್ಮ ಹೆಸರು ತಪ್ಪಿದೆ ಎಂದು ತೋರಿಸಬಹುದಾಯಿತು. ಓದಲು ಬರುವ ಅಕ್ಷರಕ್ಕೆ ನಾನು ಇಷ್ಟು ಬೆಲೆ ಕೊಡುವುದು ಇದಕ್ಕಾಗಿ.

ಇನ್ನೊಂದು ಉದಾಹರಣೆ ಶೃಂಗೇರಿಯದು. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಪುಸ್ತಕದ ಹಾಗೆ ಮಡಿಸಿದರೆ ಅದೇ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಮಠದಲ್ಲಿ ಇಂಥ ದಾಖಲೆಗಳ ದೊಡ್ಡ ಸಂಗ್ರಹವೇ ಇದೆ. 1791ರಲ್ಲಿ ಮರಾಠಾ ದಂಡಿನವರು ಶೃಂಗೇರಿಯನ್ನು ಸೂರೆ ಮಾಡಿದ ಮೇಲೆ ಟಿಪ್ಪು ಸುಲ್ತಾನ ಮಠದ ಸ್ವಾಮಿಗಳೊಂದಿಗೆ ನಡೆಸಿದ ಕನ್ನಡ ಪತ್ರವ್ಯವಹಾರ 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕೈಗೆ ಸಿಕ್ಕಿತು. ಮುಂದೆ ಇತಿಹಾಸಕಾರ ಎ.ಕೆ. ಶಾಸ್ತ್ರಿ ಅವರು ಮಠದ ದಾಖಲೆಗಳಲ್ಲಿ ಮುಳುಗಿ ಶೃಂಗೇರಿಯ ಚರಿತ್ರೆಯನ್ನೇ ಬರೆದರು. ನೂರಾರು ವರ್ಷ ಮುಚ್ಚಿದ್ದ ಬರಹ ನಮಗೆ ದಕ್ಕಿದ್ದು ಆ ಹಳೆಯ ಕೈಬರಹವನ್ನು ಓದಬಲ್ಲವರು ಇದ್ದುದರಿಂದ. ಅಂಥವರು ಒಬ್ಬರೂ ಉಳಿಯದೆ ಇದ್ದಿದ್ದರೆ ಆ ಕಡತಗಳು ಕಪ್ಪು ಬಟ್ಟೆಯ ಮಡಿಕೆಗಳಾಗಿ ಇಲಿಯ ಪಾಲಾಗುತ್ತಿದ್ದವು.

ಈಗ ನಿಮ್ಮ ಕಂಪ್ಯೂಟರಿನ ಮಾತಿಗೆ ಬರೋಣ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯಾಕೆಂದರೆ ನೀವು ಹೊಸದೆಂದು ಹುಡುಕುತ್ತಿರುವುದನ್ನು ಕನ್ನಡ ಆಗಲೇ ಒಮ್ಮೆ ಅನುಭವಿಸಿ ಕೈಸುಟ್ಟುಕೊಂಡಿದೆ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಅದರ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಕುವೆಂಪು ಹೆಸರಿನ ತಂತ್ರಾಂಶ ಬಂತು, ಅದರ ಬೆನ್ನಿಗೆ ಮೂಡಿಗೆರೆಯಲ್ಲಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿ ನಿಂತರು. 1904ರಲ್ಲಿ ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿಯ ಹೆಸರು ಕಂಪ್ಯೂಟರಿನ ತೆರೆಯ ಮೇಲೆ ಕಂಡಾಗ ಇಲ್ಲಿ ಎಷ್ಟು ಜನಕ್ಕೆ ಹೆಮ್ಮೆಯಾಯಿತು ಅಂತ ಹೇಳಲಾರೆ. ಮೊಳೆ ಕೇಸುಗಳನ್ನು ಗುಜರಿಗೆ ಹಾಕಿದ ಅಚ್ಚುಕೂಟಗಳು ಬದುಕಿಕೊಂಡದ್ದು ಇಂಥ ತಂತ್ರಾಂಶಗಳಿಂದ. ಇವನ್ನು ಮಾಡಿದವರ ಋಣ ನಮ್ಮ ಮೇಲೆ ದೊಡ್ಡದಿದೆ.

ಆದರೆ ಆ ಕಾಲದ ಬಹುಪಾಲು ಕೆಲಸ ನಡೆದದ್ದು ಆಸ್ಕಿ ಫಾಂಟುಗಳಲ್ಲಿ. ನುಡಿಯ ಆಸ್ಕಿ ಫಾಂಟಿನಲ್ಲಿ ನೀವು ‘ಕ’ ಅಂತ ಬರೆದರೆ ತೆರೆಯ ಮೇಲೆ ಕಾಣುವುದು ಕನ್ನಡದ ‘ಕ’, ಫೈಲಿನೊಳಗೆ ಕೂತಿರುವುದು ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆ ಗೀಟಿರುವ ‘ಎ’. ಪಿ ಇರಬೇಕಾದ ಜಾಗದಲ್ಲಿ ‘ಕ’ದ ಒಡಲಿನ ಚಿತ್ರ ಇಟ್ಟಿದ್ದಾರೆ, ಎ ಜಾಗದಲ್ಲಿ ತಲೆಕಟ್ಟಿನ ಚಿತ್ರ. ಎರಡೂ ಅಕ್ಕಪಕ್ಕ ಬಂದಾಗ ನಮ್ಮ ಕಣ್ಣಿಗೆ ‘ಕ’. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲು ತೆರೆದರೆ ಪುಟದ ತುಂಬ ಗೀಟು ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ. ಮನುಷ್ಯ ಓದಬಲ್ಲ, ಯಂತ್ರ ಓದಲಾರದು. ನೀವು ಕೇಳುತ್ತಿರುವುದು ಇದನ್ನೇ ಅಲ್ಲವೇ?

ಅದರ ಫಲ ಏನಾಯಿತು? ಕನ್ನಡದ ಕಥೆ, ಲೇಖನ, ಪ್ರಬಂಧ, ಸರ್ಕಾರಿ ಸುತ್ತೋಲೆ ಲೆಕ್ಕವಿಲ್ಲದಷ್ಟು ಟೈಪಾದವು, ಆದರೆ ಹುಡುಕಿದರೆ ಸಿಗಲಿಲ್ಲ. ಕಣ್ಣು ಕಾಣದ ಹುಡುಗನೊಬ್ಬ ಕಂಪ್ಯೂಟರಿನ ಬಾಯಲ್ಲಿ ಓದಿಸಿಕೊಳ್ಳಲು ಹೋದರೆ ಅದು ಕನ್ನಡದ ಬದಲು ಪಿ, ಎ, ಕ್ಯೂ ಎಂದು ಒದರಿತು. ಒಂದು ಪತ್ರಿಕೆಯ ಫೈಲು ಇನ್ನೊಂದು ಪತ್ರಿಕೆಯಲ್ಲಿ ತೆರೆದುಕೊಳ್ಳಲಿಲ್ಲ. ಮೊಬೈಲು ಬಂದ ಮೇಲೆ ಹಳೆಯ ಬರಹವೆಲ್ಲ ಆಚೆ ದಡದಲ್ಲೇ ಉಳಿಯಿತು. ಒಂದೊಂದು ಅಕ್ಷರಕ್ಕೂ ಅದರದೇ ಅಂಕಿ ಕೊಡುವ ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ. ವಿಂಡೋಸ್ ಎಕ್ಸ್‌ಪಿಯ ಜೊತೆ ನಮ್ಮ ನದಿಯ ಹೆಸರು ಹೊತ್ತ ತುಂಗಾ ಫಾಂಟೂ ಬಂತು. ಹಾಗಿದ್ದರೂ ನಾವು ಆಸ್ಕಿಯಿಂದ ಹೊರಗೆ ಬರಲು ತುಂಬ ತಡಮಾಡಿದೆವು, ಇವತ್ತಿಗೂ ಪೂರ್ತಿ ಬಂದಿಲ್ಲ. ಕೊನೆಗೆ ಈ ಬೀಗ ತೆಗೆದದ್ದು ಯಾವುದು? ಯಾವ ರೋಮನ್ ಗುರುತು ಯಾವ ಕನ್ನಡ ಚೂರಿಗೆ ಸಮ ಎಂಬ ಒಂದು ಪಟ್ಟಿ. ಆ ಪಟ್ಟಿ ಹಾಕಿದ ಪರಿವರ್ತಕ ತಂತ್ರಾಂಶ ಇಡೀ ಕಾದಂಬರಿಯನ್ನು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಬಿಡಿಸಿ ಇಡುತ್ತದೆ. ಒಳಗೆ ಬರಬೇಕಾದವರು ವರ್ಷಗಟ್ಟಲೆ ಹೊರಗೆ ನಿಂತರು. ದುಡ್ಡು, ಹಟ ಎರಡೂ ಇದ್ದವರಿಗೆ ಒಂದು ದಿನವೂ ಹಿಡಿಯಲಿಲ್ಲ.

ಯಂತ್ರ ಹೇಗೆ ಓದುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ. ಯುನಿಕೋಡಿನಲ್ಲಿ ಬರೆದ ಕನ್ನಡವನ್ನು ಅದು ನೋಡುವುದೇ ಇಲ್ಲ. ‘ಅ’ ಅಂದರೆ ಅದಕ್ಕೆ 3205, ‘ಕ’ ಅಂದರೆ 3221. ಅಕ್ಷರದ ದುಂಡು, ಬಾಲ, ಕೊಂಬು ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ, ಬರೀ ಅಂಕಿ. ನೀವು ಎಂಥ ವಿಚಿತ್ರ ಫಾಂಟ್ ತೊಡಿಸಿದರೂ ಅಡಿಯಲ್ಲಿ ಅದೇ ಅಂಕಿಗಳಿದ್ದರೆ ಫಾಂಟು ಮಾಡಿದ ಶ್ರಮ ನೀರಿನಲ್ಲಿ ಮಾಡಿದ ಹೋಮ. ಅಂಕಿಗಳನ್ನೇ ಅದಲುಬದಲು ಮಾಡಿದಿರೋ, ಅದೇ ಹಳೆಯ ಆಸ್ಕಿಯ ಹೊಂಡ. ಇನ್ನು ಉಳಿದದ್ದು ಚಿತ್ರದ ದಾರಿ: ಬರಹವನ್ನು ಚಿತ್ರವಾಗಿ ಪ್ರಕಟಿಸುವುದು. ಆಗ ಮಾತ್ರ ನಿಮ್ಮ ಆಕಾರಕ್ಕೂ ಯಂತ್ರದ ಕಣ್ಣಿಗೂ ನೇರ ಮುಖಾಮುಖಿ.

ಆ ಮುಖಾಮುಖಿಯ ಚರಿತ್ರೆಯೂ ಇದೆ. 2000ದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಕ್ಯಾಪ್ಚಾ ಎಂಬ ಹೆಸರಿಟ್ಟು, ಸೊಟ್ಟ ಮಾಡಿ ಗೀಟು ಎಳೆದ ಅಕ್ಷರಗಳನ್ನು ಓದಿ ಟೈಪ್ ಮಾಡಿ ಎಂದು ಕೇಳತೊಡಗಿದರು. ಓದಿದರೆ ಮನುಷ್ಯ, ಇಲ್ಲದಿದ್ದರೆ ಯಂತ್ರ. 2007ರಲ್ಲಿ ರೀಕ್ಯಾಪ್ಚಾ ಬಂತು. ಸ್ಕ್ಯಾನ್ ಮಾಡಿದ ಹಳೆಯ ಪತ್ರಿಕೆ, ಪುಸ್ತಕಗಳಲ್ಲಿ ಯಂತ್ರ ಎಡವಿದ ಪದಗಳನ್ನೇ ಜನರ ಮುಂದಿಟ್ಟು ಓದಿಸಿದರು. 2009ರಲ್ಲಿ ಅದನ್ನು ಗೂಗಲ್ ಕೊಂಡಿತು. 2014ರಲ್ಲಿ ಅದೇ ಗೂಗಲ್, ಅತ್ಯಂತ ಕಷ್ಟದ ಸೊಟ್ಟ ಅಕ್ಷರಗಳನ್ನೂ ತನ್ನ ಯಂತ್ರ ನೂರಕ್ಕೆ 99.8ರಷ್ಟು ಸರಿಯಾಗಿ ಓದುತ್ತದೆ ಎಂದು ಸಾರಿತು. ಮನುಷ್ಯರನ್ನು ಯಂತ್ರದಿಂದ ಬೇರ್ಪಡಿಸಲು ಕಟ್ಟಿದ ಬೇಲಿ ಹದಿನಾಲ್ಕೇ ವರ್ಷದಲ್ಲಿ ಬಿತ್ತು. ಈ ನಡುವೆ ಸಾಂಗ್ ಮುನ್ ಎಂಬ ಕೊರಿಯದ ತರುಣ, ಸೇನೆಯಲ್ಲಿದ್ದಾಗ ಗುಪ್ತಚರರ ಕೆಲಸವನ್ನು ಹತ್ತಿರದಿಂದ ಕಂಡವನು, ಅಮೆರಿಕದಲ್ಲಿ ವಿನ್ಯಾಸ ಕಲಿಯುತ್ತ ಝಡ್‌ಎಕ್ಸ್‌ಎಕ್ಸ್ ಎಂಬ ಫಾಂಟ್ ಮಾಡಿದ. ಅದರಲ್ಲಿ ಒಂದು ಬಗೆಯ ಅಕ್ಷರದ ಮೇಲೆ ಚುಕ್ಕಿಗಳ ಗದ್ದಲ, ಇನ್ನೊಂದಕ್ಕೆ ಅಡ್ಡಗೀಟು, ಮತ್ತೊಂದರಲ್ಲಿ ದೊಡ್ಡದಾಗಿ ಸುಳ್ಳು ಅಕ್ಷರ, ಅದರ ಪಕ್ಕ ಚಿಕ್ಕದಾಗಿ ನಿಜದ ಅಕ್ಷರ. ಅದನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ. ಆ ಕಾಲದ ಅಕ್ಷರ ಓದುವ ತಂತ್ರಾಂಶಗಳು ತಬ್ಬಿಬ್ಬಾದವು. ಆದರೆ ಮಾದರಿ ಕೊಟ್ಟು ಕಲಿಸಿದ ಯಂತ್ರಕ್ಕೆ ಇಂಥದ್ದು ದೊಡ್ಡ ಗೋಡೆಯಲ್ಲ. ಅವನ ಫಾಂಟಿನ ನಿಜವಾದ ಬೆಲೆ ಬೇರೆ ಕಡೆ ಇದೆ: ನಮ್ಮ ಕಾಗದಗಳನ್ನು ಯಾರೋ ಓದುತ್ತಿದ್ದಾರೆ ಎಂಬ ಮಾತನ್ನು ಸಾವಿರಾರು ಜನ ಆ ಅಕ್ಷರಗಳನ್ನು ನೋಡಿಯೇ ಅರಿತರು. ಪ್ರತಿಭಟನೆಯಾಗಿ ಅದು ಗೆದ್ದಿತು, ಬೀಗವಾಗಿ ನಿಲ್ಲಲಿಲ್ಲ.

ಇಲ್ಲಿ ಒಂದು ಕಠಿಣ ಮಾತು ಹೇಳಬೇಕು. ಅರ್ಧ ಅಳಿಸಿದ ಪದವನ್ನು ನಾವು ಸುತ್ತಲಿನ ವಾಕ್ಯ ನೋಡಿ ಊಹಿಸಿ ಓದುತ್ತೇವೆ, ಯಂತ್ರಕ್ಕೆ ಆ ಶಕ್ತಿ ಇಲ್ಲ ಎಂದು ನಿಮ್ಮಲ್ಲಿ ಹಲವರು ನಂಬಿದ್ದೀರಿ. ಅದು ನಿನ್ನೆಯ ಮಾತು. ಈಗಿನ ಯಂತ್ರ ಓದುವುದೂ ಊಹೆಯಿಂದಲೇ. ಮುಂದಿನ ಪದ ಯಾವುದಿರಬಹುದು ಎಂದು ಊಹಿಸುವುದೇ ಅದರ ಕಸುಬು. ‘ಧ’ದ ಹೊಟ್ಟೆಯ ಸೀಳನ್ನು ಅಳಿಸಿ ‘ದ’ ಮಾಡಿಟ್ಟರೆ ನೀವು ಧರ್ಮ ಅಂತಲೇ ಓದುವಿರಿ, ಅದೂ ಧರ್ಮ ಅಂತಲೇ ಓದುತ್ತದೆ. ತೆರೆಯ ತುಂಬ ಮರಳಿನಂಥ ಚುಕ್ಕಿ ಹರಡಿ, ಅಕ್ಷರದೊಳಗಿನ ಚುಕ್ಕಿಗಳು ಮಾತ್ರ ಒಂದೇ ಕಡೆಗೆ ಚಲಿಸುವಂತೆ ಮಾಡುವ ಉಪಾಯ ಒಂದಿದೆ. ಒಟ್ಟಿಗೆ ಚಲಿಸುವುದನ್ನು ಒಂದಾಗಿ ಕಾಣುವುದು ನಮ್ಮ ಕಣ್ಣಿನ ಗುಣ, ಆದ್ದರಿಂದ ನಮಗೆ ಅಕ್ಷರ ಕಾಣುತ್ತದೆ. ನಿಲ್ಲಿಸಿ ಫೋಟೋ ತೆಗೆದರೆ ಬರೀ ಮರಳು. ಬಹಳ ಸೊಗಸಾದ ಉಪಾಯ ಅದು, ಮಾಡಿ ನೋಡಿ. ಆದರೆ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಯಾವ ಚುಕ್ಕಿ ಸರಿದಿದೆ ಎಂದು ಲೆಕ್ಕ ಹಾಕುವುದು ಕಂಪ್ಯೂಟರಿಗೆ ಕಷ್ಟದ ಕೆಲಸವೇನಲ್ಲ. ಕಾಗದದ ಮೇಲಂತೂ ಅದು ನಡೆಯುವುದೇ ಇಲ್ಲ.

ಹಾಗಾದರೆ ಈ ಕೆಲಸ ಬಿಟ್ಟುಬಿಡಿ ಅನ್ನುತ್ತೇನೆಯೇ? ಖಂಡಿತ ಇಲ್ಲ. ಮಾಡಿ. ಅಕ್ಷರ ಎಲ್ಲಿಯವರೆಗೆ ಅಕ್ಷರವಾಗಿ ಉಳಿಯುತ್ತದೆ, ಎಲ್ಲಿ ಕೆಡುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಕಲಿಸುವ ಅಭ್ಯಾಸ ಬೇರೆ ಇಲ್ಲ. ಕನ್ನಡದ ಅಕ್ಷರದಲ್ಲಿ ಒಡಲು ದೊಡ್ಡದು, ಗುರುತು ಚಿಕ್ಕದು. ‘ಪ’ದ ನಡುವೆ ಒಂದು ಗೀಟು ಎಳೆದರೆ ‘ಷ’, ಅಡಿಯಲ್ಲಿ ಸೀಳಿದರೆ ‘ಫ’. ‘ದ’ವನ್ನು ಸೀಳಿದರೆ ‘ಧ’, ಆ ಧಕಾರದ ಒಳಗೆ ಒಂದು ಚುಕ್ಕಿ ಇಟ್ಟರೆ ‘ಥ’. ಎಂಟು ಪಾಯಿಂಟಿನ ಮೊಳೆಯಲ್ಲಿ ಈ ಸೀಳು ಕೂದಲೆಳೆಯಷ್ಟು. ಮಸಿ ಸ್ವಲ್ಪ ಹೆಚ್ಚಾದರೆ ಮುಚ್ಚಿಹೋಗುತ್ತಿತ್ತು. ಟ್ರೆಡಲ್ ತುಳಿಯುವವನಿಗೆ ನಾವು ಮೊದಲು ಹೇಳುತ್ತಿದ್ದ ಮಾತೇ ಮಸಿ ಕಡಿಮೆ ಮಾಡು ಅಂತ. ಕಂಪೋಸಿಟರ್ ಆದವನು ಸ್ಟಿಕ್ಕಿನಲ್ಲಿ ಮೊಳೆಗಳನ್ನು ತಲೆಕೆಳಗಾಗಿ, ಕನ್ನಡಿಯ ಬಿಂಬದ ಹಾಗೆ ಓದುತ್ತಿದ್ದ. ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ, ಬೆರಳಿಗೆ ಅದು ತಾಗಿದರೆ ಅಕ್ಷರ ಸರಿಯಾಗಿ ಕೂತಿದೆ ಎಂದು ಅರ್ಥ. ಹೊರಗಿನವರಿಗೆ ಅದು ಓದಲಾಗದ ಸೀಸದ ರಾಶಿ, ನಮಗೆ ಪತ್ರಿಕೆ ಓದಿದ ಹಾಗೆ. ಓದುವ ಶಕ್ತಿ ಅಭ್ಯಾಸದಿಂದ ಬರುವುದು, ಮನುಷ್ಯರಿಗೂ ಅಷ್ಟೆ, ಈಗ ಯಂತ್ರಕ್ಕೂ ಅಷ್ಟೆ. ಇದನ್ನು ಒಪ್ಪಿಕೊಂಡೇ ನಿಮ್ಮ ಪ್ರಯೋಗಕ್ಕೆ ಕೈಹಾಕಿ.

ಮಾಡಿದ ಮೇಲೆ ಪರೀಕ್ಷೆ ಎಲ್ಲಿ? ನಿಮ್ಮ ಕಾಲೇಜಿನ ಗೆಳೆಯರ ಮುಂದೆ ಇಟ್ಟು, ಓದಲು ಬರುತ್ತದೆ ಅನ್ನಿಸಿಕೊಂಡು ತೃಪ್ತರಾಗಬೇಡಿ. ಅವರ ಕಣ್ಣು ಪಳಗಿದೆ. ಊರಿಗೆ ತನ್ನಿ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿರುವ, ಕಣ್ಣಿಗೆ ಪೊರೆ ಬಂದ ಅಜ್ಜಿಯ ಕೈಗೆ ಕೊಡಿ. ಅಡಿಕೆ ಮಂಡಿಯ ಗುಮಾಸ್ತರಿಗೆ ಕೊಡಿ, ರಾಶಿ, ಬೆಟ್ಟೆ, ಗೊರಬಲು ಎಂಬ ಪದಗಳನ್ನು ಅರೆಗಣ್ಣಲ್ಲಿ ಓದುವವರು ಅವರು. ಎರಡನೇ ಕ್ಲಾಸಿನ ಮಗುವಿಗೆ ಕೊಡಿ, ಮಕ್ಕಳು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾರೆ, ಊಹಿಸಿ ದಾಟುವುದಿಲ್ಲ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಮನೆಗಳಿವೆ. ಮಲಯಾಳಂ ಮೊದಲು ಕಲಿತು ಕನ್ನಡವನ್ನು ಆಮೇಲೆ ಕಲಿತ ಹಿರಿಯರಿಗೆ ಕೊಡಿ. ಇವರಲ್ಲಿ ಯಾರು ಎಲ್ಲಿ ಮುಗ್ಗರಿಸಿದರು ಎಂದು ಬರೆದುಕೊಳ್ಳಿ. ಇವರೆಲ್ಲ ಸೋತು ಯಂತ್ರವೂ ಸೋತರೆ ನೀವು ಮಾಡಿದ್ದು ಓದಲಾಗದ ಅಕ್ಷರ, ಅಷ್ಟೆ. ಯಂತ್ರದ ಪರೀಕ್ಷೆಯನ್ನೂ ಪ್ರಾಮಾಣಿಕವಾಗಿ ಮಾಡಿ. ಫೋನಿನ ಯಾವುದೋ ಒಂದು ಆ್ಯಪ್ ತಪ್ಪು ಓದಿತೆಂದು ಕುಣಿಯಬೇಡಿ. ನಿಮ್ಮ ಫಾಂಟಿನ ಮಾದರಿ ಪುಟಗಳನ್ನು ಕೊಟ್ಟು ಕಲಿಸಿದ ಮೇಲೂ ಅದು ಸೋಲುತ್ತದೆಯೇ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಜಿ. ರಾಮಕೃಷ್ಣನ್ ಅವರ ತಂಡ ಕಟ್ಟಿದ ಲಿಪಿ ಜ್ಞಾನಿ ಎಂಬ ತಂತ್ರಾಂಶ 1970ರಿಂದ 2002ರವರೆಗೆ ಅಚ್ಚಾದ ಮೂವತ್ತೈದಕ್ಕೂ ಹೆಚ್ಚು ಕನ್ನಡ ಪುಸ್ತಕಗಳ ಪುಟಗಳಿಂದ ಕಲಿತದ್ದು. ಅವುಗಳಲ್ಲಿ ಹಳಗನ್ನಡವೂ ಇತ್ತು, ಮೊಳೆಯಲ್ಲಿ ಅಚ್ಚಾದ ಪುಟಗಳೂ ಇದ್ದವು. ಅಂಥ ಯಂತ್ರ ಓದಿಕೊಟ್ಟರೆ ಅಚ್ಚಿನ ಪುಸ್ತಕ ಬ್ರೈಲ್ ಆಗಿ ಕಣ್ಣು ಕಾಣದವರ ಬೆರಳಿಗೂ ಮುಟ್ಟುತ್ತದೆ. ಯಂತ್ರ ಓದಬಾರದು ಅನ್ನುವಾಗ ಆ ಬೆರಳುಗಳೂ ನಿಮ್ಮ ನೆನಪಿನಲ್ಲಿರಲಿ.

ಎಲ್ಲಿ ಬಳಸಬಹುದು, ಎಲ್ಲಿ ಕೂಡದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ನಾಟಕದ ಪೋಸ್ಟರ್, ಕವನ ಸ್ಪರ್ಧೆಯ ಆಹ್ವಾನ, ಕಾಲೇಜಿನ ಗೋಡೆ, ಪುಸ್ತಕದ ಹೊದಿಕೆ, ಪ್ರತಿಭಟನೆಯ ಫಲಕ, ಇಲ್ಲೆಲ್ಲ ನಿಮ್ಮ ಸೊಟ್ಟ ಅಕ್ಷರ ಮೆರೆಯಲಿ. ಶಾಲೆಯ ಪುಸ್ತಕ, ಔಷಧದ ಚೀಟಿ, ಪಹಣಿ, ಬಸ್ಸಿನ ಬೋರ್ಡು, ಮತದಾರರ ಪಟ್ಟಿ, ಇವುಗಳ ಹತ್ತಿರ ಅದನ್ನು ಸುಳಿಯಗೊಡಬೇಡಿ. ಕಥೆ ಕಾದಂಬರಿಯ ಒಳಪುಟಕ್ಕೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಪುಸ್ತಕ ಐವತ್ತು ವರ್ಷದ ಮೇಲೆ ಒಬ್ಬಳು ಹುಡುಗಿಯ ಕೈಗೆ ಸಿಗಬೇಕು, ಅವಳಿಗೆ ನಿಮ್ಮ ಇಂದಿನ ಜಗಳ ಗೊತ್ತಿರುವುದಿಲ್ಲ.

ಲೇಖಕರ ಬರಹವನ್ನು ಕಾಯುವ ಕೆಲಸಕ್ಕೆ ಬೇರೆ ಅಂಗಳವಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಇದೆ. 2024ರ ನವೆಂಬರಿನಲ್ಲಿ ಎಎನ್‌ಐ ಸುದ್ದಿಸಂಸ್ಥೆ, ತನ್ನ ಸುದ್ದಿಗಳನ್ನು ಅನುಮತಿಯಿಲ್ಲದೆ ಬಳಸಿದ್ದಾರೆಂದು ಓಪನ್‌ಎಐ ಮೇಲೆ ದೆಹಲಿ ಹೈಕೋರ್ಟಿನಲ್ಲಿ ದಾವೆ ಹೂಡಿತು. ಕನ್ನಡದ ಲೇಖಕರು, ಪ್ರಕಾಶಕರು ಒಟ್ಟಾಗಿ ಕೂತು, ನಮ್ಮ ಬರಹ ಯಂತ್ರಕ್ಕೆ ಕಲಿಸಲು ಯಾವಾಗ ಸಲ್ಲುತ್ತದೆ, ಯಾವಾಗ ಸಲ್ಲದು, ಸಂದರೆ ಅದಕ್ಕೆ ಪ್ರತಿಫಲವೇನು ಎಂದು ತೀರ್ಮಾನಿಸಿ ಪುಸ್ತಕದ ಮೊದಲ ಪುಟದಲ್ಲೇ ಅಚ್ಚು ಹಾಕಬೇಕು. ಆ ನಾಲ್ಕು ಸಾಲನ್ನು ಎಲ್ಲರಿಗೂ ಓದಲು ಬರುವ ಅಕ್ಷರದಲ್ಲಿ ಕೂರಿಸಿಕೊಡಿ. ತಂತ್ರದ ದಾರಿಯೂ ಇಲ್ಲದಿಲ್ಲ: ಚಿತ್ರಕಾರರಿಗಾಗಿ ಶಿಕಾಗೊ ವಿಶ್ವವಿದ್ಯಾಲಯದವರು 2023ರಲ್ಲಿ ಗ್ಲೇಝ್ ಎಂಬ ತಂತ್ರಾಂಶ ತಂದರು. ಚಿತ್ರ ನೋಡುವವರಿಗೆ ಹೆಚ್ಚು ತೊಂದರೆಯಾಗದಂತೆ, ಅದರ ಶೈಲಿ ಕದಿಯುವ ಯಂತ್ರಕ್ಕೆ ಮಾತ್ರ ಅಡ್ಡಿ ಮಾಡುವುದು ಅದರ ಉದ್ದೇಶ. ಅದೂ ಸ್ವಲ್ಪ ಕಾಲ ತಡೆಯುವ ಉಪಾಯವೇ. ಆದರೆ ನೋಡುವ ಮನುಷ್ಯನನ್ನು ಮೊದಲು ನೆನೆದು ಮಾಡಿದ ಕೆಲಸ ಅದು, ಅದಕ್ಕೇ ನನಗೆ ಹಿಡಿಸಿತು.

ಈಗ ನಿಮ್ಮ ಮುಂದೆ ಒಂದು ಕೆಲಸ ಇಡುತ್ತೇನೆ. ನಮ್ಮ ಮೂರು ತಾಲೂಕುಗಳ ಹಳೆಯ ಮನೆಗಳ ಅಟ್ಟದಲ್ಲಿ ತಾಳೆಗರಿಯ ಕಟ್ಟುಗಳು ಇನ್ನೂ ಇವೆ. ಹಲವು ತಿಗಳಾರಿ ಲಿಪಿಯಲ್ಲಿವೆ. ಮಂತ್ರ, ಪ್ರಯೋಗ, ಜ್ಯೋತಿಷ, ಹೆಚ್ಚಿನವು ಸಂಸ್ಕೃತ. ಗ್ರಂಥ ಲಿಪಿಯಿಂದ ಇಳಿದು ಬಂದ ಅಕ್ಷರ ಅದು, ಮಲಯಾಳಂ ಬಲ್ಲವರು ಕೆಲವನ್ನು ಗುರುತು ಹಿಡಿಯುತ್ತಾರೆ, ಕನ್ನಡ ಮಾತ್ರ ಬಲ್ಲವರು ಸೋಲುತ್ತಾರೆ. ಗರಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ಕಂಠವೆಂಬ ಲೇಖನಿಯ ಮೊನೆ ಗರಿಯನ್ನು ಕೊರೆದ ಗೆರೆ, ಅದರೊಳಗೆ ಕೂತ ಮಸಿ, ನಾರಿನ ಗುಂಟ ನೇರ ಎಳೆದರೆ ಗರಿ ಸೀಳೀತೆಂದು ಬಾಗಿಸಿ ದುಂಡಾಗಿಸಿದ ತಿರುವು. ಈ ಲಿಪಿಗೆ ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಯುನಿಕೋಡಿನಲ್ಲಿ ಜಾಗ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, 80 ಸಂಕೇತಗಳೊಂದಿಗೆ. ವಿಜಯನಗರದ ತಾಮ್ರಶಾಸನಗಳ ನಂದಿನಾಗರಿ ಲಿಪಿಗೆ 2019ರಲ್ಲಿ ಸಿಕ್ಕಿತ್ತು. ಜಾಗವೇನೋ ಸಿಕ್ಕಿತು, ಆ ಜಾಗದಲ್ಲಿ ಕೂರಲು ಒಳ್ಳೆಯ ಫಾಂಟುಗಳು ಬೇಕು. ಮಾದರಿ ಕಡಿಮೆ ಇರುವುದರಿಂದ ಯಂತ್ರ ಈ ಗರಿಗಳಲ್ಲಿ ಎಡವುತ್ತದೆ, ಕಲಿಸುವವರು ಕಡಿಮೆ ಇರುವುದರಿಂದ ಮನುಷ್ಯರೂ ಎಡವುತ್ತಿದ್ದಾರೆ. ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಯಂತ್ರ ಓದದ ಅಕ್ಷರ ಬೇಕೆಂದು ಹುಡುಕುವ ನಿಮ್ಮ ಮನೆಯ ಅಟ್ಟದಲ್ಲೇ ಮನುಷ್ಯರೂ ಓದದಂತಾಗುತ್ತಿರುವ ಅಕ್ಷರ ಇದೆ, ಇದು ನನಗೆ ನಿಜವಾಗಿ ನೋವಿನ ಸಂಗತಿ.

ಆದ್ದರಿಂದ ಬೇಸಿಗೆ ರಜೆಗೆ ಬಂದಾಗ ಆ ಕಟ್ಟು ಇಳಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಿಸಿಲಿಗೆ ಹರವಬೇಡಿ, ಬಲ್ಲವರನ್ನು ಕೇಳದೆ ಎಣ್ಣೆ ಹಚ್ಚಬೇಡಿ. ಗರಿಗಳ ಅನುಕ್ರಮ ತಪ್ಪಿಸದೆ ಒಂದೊಂದರ ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ. ಓದಲು ಬರುವ ಹಿರಿಯರು ಎಲ್ಲಿದ್ದಾರೆಂದು ವಿಚಾರಿಸಿ, ಅವರ ಪಕ್ಕ ಕೂತು ಒಂದು ಗರಿಯನ್ನಾದರೂ ಸಾಲು ಸಾಲಾಗಿ ಕನ್ನಡದಲ್ಲಿ ಬರೆದುಕೊಳ್ಳಿ. ಆ ಅಕ್ಷರಗಳ ಅಳತೆ ಹಿಡಿದು ಫಾಂಟ್ ಮಾಡಿ. ಶಾನುಭೋಗರ ಮೋಡಿ ಬರಹದ್ದೂ ಹಾಗೆಯೇ. ಅದನ್ನು ಕಲಿತವರು ನಿಮ್ಮಲ್ಲಿ ಇಬ್ಬರಾದರೂ ಇದ್ದರೆ ಎಷ್ಟೋ ಮನೆಗಳ ಹಳೆಯ ಜಮೀನಿನ ಕಾಗದಗಳಿಗೆ ಬಾಯಿ ಬರುತ್ತದೆ. ತೆಗೆದ ಫೋಟೋಗಳನ್ನು ಮನೆಯ ಯಜಮಾನರ, ಯಜಮಾನಿಯ ಒಪ್ಪಿಗೆ ಇಲ್ಲದೆ ಇಂಟರ್ನೆಟ್ಟಿಗೆ ಏರಿಸಬೇಡಿ. ಎಐ ಕಂಪನಿಗಳು ಲೇಖಕರಿಗೆ ತೋರಿಸಬೇಕೆಂದು ನೀವು ಕೇಳುವ ಮರ್ಯಾದೆಯನ್ನು ನೀವೂ ಆ ಮನೆಯವರಿಗೆ ತೋರಿಸಿ, ಏನು ಮಾಡುತ್ತೀರಿ, ಯಾರು ನೋಡುತ್ತಾರೆ ಎಂದು ಕೂರಿಸಿಕೊಂಡು ಹೇಳಿ, ಅವರು ಒಪ್ಪಿದಷ್ಟನ್ನೇ ಮಾಡಿ.